ಸೂಜಿ ಕಂಡರೆ ತಲೆ ಸುತ್ತುವವರು ಮೈ ಸಡಿಲ ಬಿಡಬೇಡಿ

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕು ಅಂದಾಗ ನನಗೆ ಆಪರೇಷನ್ ಚಿಂತೆಯೇ ಇರಲಿಲ್ಲ. ಡ್ರಿಪ್ ಹಾಕೋಕೆ ಕೈಗೆ ಸೂಜಿ ಚುಚ್ತಾರಲ್ಲ, ಅದೇ ಭಯ. ರಕ್ತ ಕೊಡುವಾಗ ಕಣ್ಣು ಕತ್ತಲೆ ಬಂದು ಬೀಳುವ ಪೈಕಿ ನಾನು.

ಎಲ್ಲರೂ ಹೇಳೋದು ಒಂದೇ, ಮೈ ಸಡಿಲ ಬಿಡಿ, ನಿಧಾನಕ್ಕೆ ಉಸಿರಾಡಿ ಅಂತ. ಬರೀ ಹೆದರುವವರಿಗೆ ಅದು ಸರಿ. ಬೀಳುವವರಿಗೆ ಬೇಕಾಗಿರೋದು ಅದರ ಉಲ್ಟಾ. ಸೂಜಿ ನೋಡಿದಾಗ ನಮ್ಮಂಥವರ ಬಿಪಿ ಮೊದಲು ಸ್ವಲ್ಪ ಏರಿ, ಆಮೇಲೆ ಸರ್ರನೆ ಇಳಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಅದಕ್ಕೇ ಮೈ ಬಿಗಿ ಹಿಡಿದು ಬಿಪಿ ಇಳಿಯದ ಹಾಗೆ ನೋಡಿಕೊಳ್ಳಬೇಕು. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು.

ಟಿವಿ ಮುಂದೆ ಕೂತೇ ಅಭ್ಯಾಸ ಮಾಡಿದೆ. ತೊಡೆ, ಹೊಟ್ಟೆ, ತೋಳು ಎಲ್ಲ ಒಟ್ಟಿಗೆ 10-15 ಸೆಕೆಂಡ್ ಬಿಗಿ ಹಿಡಿಯೋದು, ಮುಖಕ್ಕೆ ಬಿಸಿ ಏರಿದ ಹಾಗಾಗುವವರೆಗೆ. ಆಮೇಲೆ ಮಾಮೂಲಿ ಸ್ಥಿತಿಗೆ ಬರೋದು, ಪೂರ್ತಿ ಸಡಿಲ ಬಿಡೋದಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ, ಹೀಗೆ ಐದು ಸಲ. ಉಸಿರು ಕಟ್ಟಬಾರದು. ಬಿಪಿ, ಹಾರ್ಟ್ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಮಾಡಿ.

ಇನ್ನೊಂದು ವಿಷಯ ಆಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರು ತಿಳಿಸಿದರು. ಡ್ರಿಪ್‌ಗೆ ಕೈಗೆ ಹಾಕುವ ಕ್ಯಾನುಲಾದ ಪ್ಯಾಕೆಟ್ ಒಡೆದು, "ನೋಡಿ ಸರ್, ಸೂಜಿ ಒಳಗೆ ಉಳಿಯಲ್ಲ" ಅಂತ ಎಳೆದು ತೋರಿಸಿದರು. ಸೂಜಿ ರಕ್ತನಾಳಕ್ಕೆ ದಾರಿ ಮಾಡಿ ಹೊರಗೆ ಬಂದುಬಿಡುತ್ತದೆ, ಕೈಯಲ್ಲಿ ಉಳಿಯೋದು ನೂಡಲ್ಸ್ ಎಳೆಯಷ್ಟು ಸಣ್ಣ, ಬಾಗುವ ಪ್ಲಾಸ್ಟಿಕ್ ನಳಿಗೆ. ಇಡೀ ದಿನ ಕೈಯಲ್ಲಿ ಸೂಜಿ ಇರುತ್ತದೆ ಅಂದುಕೊಂಡೇ ಅರ್ಧ ಸತ್ತಿದ್ದೆ ನಾನು!

ಚುಚ್ಚುವ ಜಾಗ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಕ್ರೀಮನ್ನು ಡಾಕ್ಟರೇ ಬರೆದುಕೊಟ್ಟಿದ್ದರು. ಒಂದು ಗಂಟೆ ಮುಂಚೆಯೇ ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕು. ಚುಚ್ಚುವ ಹೊತ್ತಿಗೆ ಹಚ್ಚಿದರೆ ಸುಮ್ನೆ ವೇಸ್ಟ್.

"ನಾನು ಬೀಳ್ತೀನಿ, ಮಲಗಿಸಿಯೇ ಹಾಕಿ" ಅಂತ ಮೊದಲೇ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಕಾಲು, ಹೊಟ್ಟೆ ಬಿಗಿ ಹಿಡಿದು ಸೂಜಿ ಚುಚ್ಚುವ ಎಡಗೈ ಮಾತ್ರ ಸಡಿಲ ಬಿಟ್ಟೆ, ಆ ಕೈ ಬಿಗಿ ಮಾಡಿದರೆ ನೋವು ಜಾಸ್ತಿ. ಬೆವರು ಬಂತು, ಕಣ್ಣು ಕತ್ತಲೆ ಬರಲಿಲ್ಲ. ಆದ ಮೇಲೂ ತಕ್ಷಣ ಏಳಬೇಡಿ, ಕೆಲವರಿಗೆ ಬಿಪಿ ಇಳಿಯೋದೇ ಆಗ.