ನೆಟ್ ಹೋದರೂ ಸಿಸಿಎನ್‌ಎ, ಲಿನಕ್ಸ್ ಅಭ್ಯಾಸ ನಿಲ್ಲಿಸಬೇಡಿ

ನೆಟ್‌ವರ್ಕ್, ಲಿನಕ್ಸ್ ಕೋರ್ಸಿಗೆ ಮೈಸೂರು, ಬೆಂಗಳೂರಿಗೇ ಹೋಗಬೇಕು ಅಂತ ನಮ್ಮ ಸೋಮವಾರಪೇಟೆ, ವಿರಾಜಪೇಟೆ ಕಡೆಯ ಎಷ್ಟೋ ಮಕ್ಕಳು ಅಂದುಕೊಂಡಿದ್ದಾರೆ. ಬೇಕಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್ ಎರಡೂ ಹೋಗುತ್ತೆ, ನಿಜ. ಅದಕ್ಕೇ ಮಳೆ ಹಿಡಿಯುವ ಮೊದಲೇ ಬೇಕಾದ್ದನ್ನೆಲ್ಲ ಇಳಿಸಿಟ್ಟುಕೊಳ್ಳಿ.

ಸಿಸಿಎನ್‌ಎ ಅಂದರೆ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ. ಅದರ ಅಭ್ಯಾಸ ಶುರು ಮಾಡಲು ಸಿಸ್ಕೋ ಪ್ಯಾಕೆಟ್ ಟ್ರೇಸರ್ ಸಾಕು. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್ ಅದು, ಉಚಿತ. ನೆಟ್ ಇರುವಾಗಲೇ ಲಾಗಿನ್ ಆಗಿಬಿಡಿ. ಲ್ಯಾಪ್‌ಟಾಪ್ ಚಾರ್ಜ್ ಮುಗಿದರೆ ಕಾಗದ, ಪೆನ್ನು ಹಿಡಿದು ಸಬ್‌ನೆಟ್ ಲೆಕ್ಕ ಮಾಡಿ, ಅಂದರೆ ದೊಡ್ಡ ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವ ಲೆಕ್ಕ. 192.168.10.0/26 ತೆಗೆದುಕೊಳ್ಳಿ. 32 ಬಿಟ್‌ಗಳಲ್ಲಿ 26 ನೆಟ್‌ವರ್ಕಿಗೆ ಹೋದರೆ ಉಳಿದ 6 ಬಿಟ್‌ಗಳಿಂದ ಒಟ್ಟು 64 ವಿಳಾಸ. ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು, ಅಂದರೆ 192.168.10.63, ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿಗೆ, ಉಳಿದ 62 ನಮಗೆ. ಮುಂದಿನ ಸಬ್‌ನೆಟ್ 64ರಿಂದ ಶುರು. ಇದು ಬಾಯಿಲೆಕ್ಕದಲ್ಲೇ ಬರುವಷ್ಟು ರೂಢಿಯಾಗಬೇಕು. ಪರೀಕ್ಷೆಯಲ್ಲಿ ಸಮಯ ಉಳಿಯುವುದೇ ಇಲ್ಲಿ.

ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ಬೇರೆ ಥರ. ಅಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ, ಸಿಸ್ಟಮ್ ಮೇಲೆ ಮಾಡಿಯೇ ತೋರಿಸಬೇಕು. ಇಂಟರ್‌ನೆಟ್ ಕೊಡುವುದಿಲ್ಲ. ಹಾಗಾಗಿ ನೆಟ್ ಇಲ್ಲದ ದಿನ ಮ್ಯಾನ್ ಪೇಜ್ (ಲಿನಕ್ಸ್ ಒಳಗೇ ಇರುವ ಕಮಾಂಡ್ ಕೈಪಿಡಿ) ನೋಡಿಯೇ ಕೆಲಸ ಮಾಡಿದರೆ ಅದು ಸರಿಯಾದ ತಯಾರಿಯೇ, ಅಲ್ವಾ? ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ, ರೆಡ್ ಹ್ಯಾಟ್ ಲಿನಕ್ಸ್ ಥರದ್ದೇ ಆದ ರಾಕಿ ಲಿನಕ್ಸ್ ಹಾಕಿಕೊಳ್ಳಿ, ಅದೂ ಉಚಿತ. ಪ್ರತಿ ಅಭ್ಯಾಸ ಮುಗಿದ ಮೇಲೆ ರೀಬೂಟ್ ಮಾಡಿ ನೋಡಿ. ಮೌಂಟ್ ಮಾಡಿದ (ಸಿಸ್ಟಮ್‌ಗೆ ಜೋಡಿಸಿದ) ಡಿಸ್ಕ್, ಶುರು ಮಾಡಿದ ಸರ್ವಿಸ್ ರೀಬೂಟ್ ಆದ ಮೇಲೂ ಇರಬೇಕು. ಇಲ್ಲದಿದ್ದರೆ ಅಂಕ ಸಿಗಲ್ಲ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್ ಮುಟ್ಟುವ ಮುಂಚೆ ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಉಳಿಸುವ ಪ್ರತಿ) ತೆಗೆದಿಡಿ.

ಯಾರಾದರೂ ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳನ್ನು ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗಬಹುದು.