ಪ್ರತಿ ಸೋಮವಾರದ ಆ ಟಿಕೆಟ್

ಕಂಪ್ಯೂಟರ್ ತೊಂದರೆಗಳ ದೂರು ತೆಗೆದುಕೊಂಡು ಸರಿಮಾಡುವ ಸರ್ವಿಸ್ ಡೆಸ್ಕ್ ತಂಡ ನನ್ನ ಕೈಗೆ ಬಂದಾಗ ನಾವು ಒಂಬತ್ತು ಜನ, ಮೂರು ಶಿಫ್ಟ್. ತಿಂಗಳ ವರದಿಯಲ್ಲಿ ಎಲ್ಲಾ ಹಸಿರು, ಒಂದು ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಸರಿಮಾಡುತ್ತೇವೆ ಅಂತ ಗ್ರಾಹಕರಿಗೆ ಒಪ್ಪಿಕೊಂಡ ಗಡುವು) ಕೂಡ ತಪ್ಪಿರಲಿಲ್ಲ. ಆದರೂ ರಿವ್ಯೂ ಮೀಟಿಂಗ್‌ನಲ್ಲಿ ಗ್ರಾಹಕರ ಮುಖ ಗಂಟಿಕ್ಕಿಕೊಂಡೇ ಇರುತ್ತಿತ್ತು. ನಮ್ಮ ಕೆಲಸದವರು ಇಂಥ ವರದಿಗೆ ಕಲ್ಲಂಗಡಿ ಅಂತಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು.

ಕೊಯ್ದೇ ನೋಡೋಣ ಅಂತ ಒಂದು ಶನಿವಾರ ಕೂತೆ. ಮೂರು ತಿಂಗಳ, ಒಂದೊಂದು ದೂರಿಗೆ ಒಂದರಂತೆ ದಾಖಲಾದ ಟಿಕೆಟ್‌ಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ಅಂಕಿ ಬಿಟ್ಟು, ಹುಡುಗರು ಒಳಗೆ ಬರೆದಿದ್ದನ್ನು ಓದಿದೆ. ಗಡುವು ಮುಗಿಯಲು ಹತ್ತು ನಿಮಿಷ ಇದ್ದಾಗ ಬಳಕೆದಾರರಿಗೆ ಒಂದು ಮೇಲ್: 'ಇನ್ನೂ ತೊಂದರೆ ಇದೆಯೇ?' ಟಿಕೆಟ್ 'ಪೆಂಡಿಂಗ್ ಯೂಸರ್'ಗೆ ಹೋಗುತ್ತದೆ, ಅಂದರೆ ಬಳಕೆದಾರರ ಉತ್ತರಕ್ಕೆ ಕಾಯುತ್ತಿದ್ದೇವೆ ಅಂತ, ಗಡುವಿನ ಗಡಿಯಾರ ನಿಲ್ಲುತ್ತದೆ. ಹುಡುಗರನ್ನು ಬೈಯುವ ಹಾಗಿರಲಿಲ್ಲ. ನಾವು ಕೇಳುತ್ತಿದ್ದದ್ದು ಹಸಿರು, ಅವರು ಕೊಟ್ಟದ್ದೂ ಹಸಿರು.

ಆಮೇಲೆ ಕಣ್ಣಿಗೆ ಬಿದ್ದದ್ದು ಗೋದಾಮಿನ ಟಿಕೆಟ್. 'ಲೇಬಲ್ ಪ್ರಿಂಟ್ ಆಗುತ್ತಿಲ್ಲ.' ಸೋಮವಾರ ಬೆಳಿಗ್ಗೆ ಆರು ಗಂಟೆ. ಹಿಂದಿನ ಸೋಮವಾರವೂ ಅದೇ, ಅದರ ಹಿಂದಿನದೂ ಅದೇ. ಪ್ರತಿ ಸಲವೂ ಒಂದೇ ಉತ್ತರ: 'ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ಸರಿಹೋಯಿತು.' ಹತ್ತೇ ನಿಮಿಷದಲ್ಲಿ ಕ್ಲೋಸ್. ನಮ್ಮ ವರದಿಯಲ್ಲಿ ಇದು ಒಳ್ಳೆ ಕೆಲಸದ ಲೆಕ್ಕಕ್ಕೆ ಸೇರಿತ್ತು! ಗೋದಾಮಿನ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ಅಯ್ಯೋ ಮೇಡಂ, ನಾವೀಗ ಸೋಮವಾರದ ಲೇಬಲ್ ಶನಿವಾರವೇ ಹೊಡೆದಿಟ್ಕೊಳ್ತೀವಿ. ಲಾರಿ ಕಾಯಲ್ಲ ಅಲ್ವಾ," ಅಂದರು.

ಐಟಿ ಸೇವೆ ಹೇಗೆ ನಡೆಸಬೇಕು ಅಂತ ಹೇಳುವ ಪದ್ಧತಿ, ಐಟಿಐಎಲ್, ಹೊಸದೇನಲ್ಲ. 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಗಳಿಗಾಗಿ ಶುರುವಾದದ್ದು, ನಾಲ್ಕನೇ ಆವೃತ್ತಿ 2019ರಲ್ಲಿ ಬಂತು. ನಮ್ಮ ತಂಡದ ಎಲ್ಲರ ಹತ್ತಿರವೂ ಫೌಂಡೇಶನ್ ಸರ್ಟಿಫಿಕೇಟ್ ಇತ್ತು. ಇನ್ಸಿಡೆಂಟ್ ಅಂದರೆ ನಿಂತುಹೋದ ಕೆಲಸ, ಪ್ರಾಬ್ಲಂ ಅಂದರೆ ಅದರ ಹಿಂದಿನ ಕಾರಣ. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದರು. ಆದರೆ ಮೂರು ತಿಂಗಳಲ್ಲಿ ಒಂದೇ ಒಂದು ಪ್ರಾಬ್ಲಂ ಟಿಕೆಟ್ ಇಲ್ಲ.

ಸೋಮವಾರ ತಂಡದವರನ್ನು ಕೂರಿಸಿ ಕೇಳಿದೆ. ನೈಟ್ ಶಿಫ್ಟಿನ, ಜಾಸ್ತಿ ಮಾತಾಡದ ಹುಡುಗನೊಬ್ಬ ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಭಾನುವಾರ ರಾತ್ರಿ ಪ್ಯಾಚ್ (ಸಾಫ್ಟ್‌ವೇರಿನ ತಿದ್ದುಪಡಿ) ಹಾಕಿದ ಮೇಲೆ ಸರ್ವರ್‌ಗಳೆಲ್ಲ ಒಟ್ಟಿಗೆ ರೀಬೂಟ್ ಆಗುತ್ತವೆ. ಡೇಟಾಬೇಸ್ ಏಳುವುದು ನಿಧಾನ. ಅದಕ್ಕಿಂತ ಮೊದಲೇ ಲೇಬಲ್ ಸರ್ವಿಸ್ ಎದ್ದು, ಕರೆದು, ಉತ್ತರ ಸಿಗದೆ ಸುಮ್ನೆ ಮಲಗಿಬಿಡುತ್ತದೆ. ಎಲ್ಲಾ ಸಮಯದ ಸಮೇತ ಬರೆದಿಟ್ಟಿದ್ದ. ಯಾಕಪ್ಪಾ ಹೇಳಲಿಲ್ಲ ಅಂದೆ. "ಯಾರೂ ಕೇಳಲಿಲ್ಲ ಮೇಡಂ. ಹ್ಯಾಂಡೋವರ್ ಫಾರಂನಲ್ಲಿ ಓಪನ್ ಟಿಕೆಟ್ ಮಾತ್ರ ಬರೀಬೇಕಲ್ವಾ, ಇದು ಕ್ಲೋಸ್ ಆಗಿರುತ್ತೆ."

ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಬರೆದುಕೊಡುವ ಆ ಫಾರಂ ಅವತ್ತೇ ಬದಲಾಯಿತು. 'ಮತ್ತೆ ಬಂದದ್ದು' ಅಂತ ಒಂದು ಕಾಲಂ ಸೇರಿಸಿದೆ. ಗುರುವಾರ ಮಧ್ಯಾಹ್ನ ಇಬ್ಬರಿಗೆ ಎರಡು ಗಂಟೆ ಫೋನ್ ಇಲ್ಲ, ಆ ಕಾಲಂನ ಒಂದೇ ಒಂದು ವಿಷಯದ ಬೆನ್ನು ಹತ್ತಬೇಕು. ಮ್ಯಾನೇಜರ್ ಗೊಣಗಿದರು, ಕ್ಯೂ ಬೆಳೆಯುತ್ತದೆ ಅಂದರು. ಮೊದಲ ತಿಂಗಳು ಬೆಳೆದದ್ದೂ ನಿಜ.

ಲೇಬಲ್ ಸರಿಮಾಡುವುದು ಅರ್ಧ ಗಂಟೆಯ ಕೆಲಸ: ಡೇಟಾಬೇಸ್ ಮೊದಲು ಏಳುವ ಹಾಗೆ ರೀಬೂಟ್ ಸರದಿ ಬದಲಿಸಿ, ಸರ್ವಿಸನ್ನು ತಡವಾಗಿ ಶುರುವಾಗುವಂತೆ ಇಟ್ಟೆವು. ಚೇಂಜ್ ಬೋರ್ಡಿನ ಒಪ್ಪಿಗೆಗೆ ಮಾತ್ರ ಎರಡು ವಾರ ಹಿಡಿಯಿತು. ಅದೇ ನೆಪದಲ್ಲಿ, ಪದೇ ಪದೇ ಮಾಡುವ ಸಣ್ಣ ಬದಲಾವಣೆಗಳ ಪಟ್ಟಿ ಮಾಡಿ ಮೊದಲೇ ಒಪ್ಪಿಗೆ ಪಡೆದುಕೊಂಡೆವು.

ನಾನೂ ಎಡವಿದೆ. ತಲೆಗೆ ತಿಂಗಳಿಗೆ ಐದು ನಾಲೆಡ್ಜ್ ಆರ್ಟಿಕಲ್ (ಒಂದು ತೊಂದರೆ ಬಂದರೆ ಏನು ಮಾಡಬೇಕು ಅನ್ನುವ ಟಿಪ್ಪಣಿ) ಬರೆಯಲೇಬೇಕು ಅಂದೆ. ಪಾಸ್‌ವರ್ಡ್ ಮರೆತರೆ ಏನು ಮಾಡಬೇಕು ಅನ್ನುವುದೇ ನಾಲ್ಕು ಸಲ ಬಂತು. ಮತ್ತೆ ಕಲ್ಲಂಗಡಿ, ಈ ಸಲ ಬೆಳೆದವಳು ನಾನೇ. ನಿಯಮ ಕೈಬಿಟ್ಟೆ.

ಗಡಿಯಾರ ನಿಲ್ಲಿಸುವ ಆಟ ಬಿಟ್ಟ ತಿಂಗಳು ವರದಿ ಹಳದಿಗೆ ತಿರುಗಿತು. ಮೇಲಿನವರಿಗೆ ಟಿಕೆಟ್ ಒಂದೊಂದನ್ನೇ ತೋರಿಸಿ ಉತ್ತರ ಕೊಟ್ಟೆ. ಸುಖದ ಕೆಲಸವಲ್ಲ.

ರೀಬೂಟ್ ಸರದಿ ಬದಲಿಸಿದ ಮೊದಲ ಸೋಮವಾರ ಆರು ಗಂಟೆಗೆ ಫೋನ್ ಬರಲಿಲ್ಲ. ಆರೂವರೆಗೆ ಬಂತು. ಎದೆ ಧಸಕ್ಕೆಂದಿತು. "ಮೇಡಂ, ಪ್ರಿಂಟ್ ಬರ್ತಿದೆ. ಶನಿವಾರ ಹೊಡೆದಿಟ್ಟ ಲೇಬಲ್ ಏನ್ ಮಾಡೋದು ಈಗ?"