ಕತ್ತರಿ ಇಲ್ಲದೆ ಮುಖದ ಮುಪ್ಪು ಇಳಿಸುವುದು: ಕಲಬುರಗಿ ಬಿಸಿಲಿನ ಲೆಕ್ಕದಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸೆಕೆಯಿಂದ ಪಾರಾಗಲು ಮಾಡಿದ ವೇಳೆ ಇದು. ಆದರೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12.20ರ ಸುಮಾರಿಗೆ. ಕಚೇರಿ ಬಿಟ್ಟು ಸ್ಕೂಟರ್ ಹತ್ತುವಾಗ ಅತಿನೇರಳೆ ಕಿರಣ ಇನ್ನೂ ತೀಕ್ಷ್ಣವಾಗಿಯೇ ಇರುತ್ತದೆ. ಮುಖ ಬೇಗ ಮುಪ್ಪಾಗುವುದರಲ್ಲಿ ಈ ಕಿರಣದ ಪಾಲು ಬಹಳ ದೊಡ್ಡದು.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ನಮ್ಮ ಕಂದು ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಬಂಗು ಮತ್ತು ಕಲೆ ಮೊದಲು ಬರುತ್ತವೆ. ಸುಟ್ಟರೂ, ಕೆರೆದರೂ, ಉರಿ ಎದ್ದರೂ ಅದೇ ಜಾಗ ಕಪ್ಪಾಗುತ್ತದೆ. ಆದ್ದರಿಂದ ಇಲ್ಲಿ ಯಾವುದೇ ಚಿಕಿತ್ಸೆಯ ಮೊದಲ ಪ್ರಶ್ನೆ ಸುಕ್ಕು ಎಷ್ಟು ಹೋಗುತ್ತದೆ ಎಂಬುದಲ್ಲ, ಕಪ್ಪು ಉಳಿಯುತ್ತದೆಯೇ ಎಂಬುದು. ಕೆಳಗೆ ಹೇಳಿದ ಕ್ರಮ, ತಿಂಗಳು, ಪ್ರಮಾಣ ಎಲ್ಲವೂ ಇದರ ಮೇಲೆಯೇ ನಿಂತಿವೆ.

ಮೊದಲು ಕನ್ನಡಿ

ಹಗಲು ಬೆಳಕಿನಲ್ಲಿ ಕಿಟಕಿ ಎದುರು ಕುಳಿತು ಹುಬ್ಬು ಗಂಟಿಕ್ಕಿ, ಆಮೇಲೆ ಸಡಿಲ ಬಿಡಿ. ಗೆರೆ ಮಾಯವಾದರೆ ಅದು ಸ್ನಾಯುವಿನ ಗೆರೆ, ಸ್ನಾಯು ಸಡಿಲಿಸುವ ಚುಚ್ಚುಮದ್ದು ಬೊಟಾಕ್ಸ್‌ಗೆ ಬಗ್ಗುತ್ತದೆ. ಸುಮ್ಮನಿದ್ದಾಗಲೂ ಮೂಗಿನ ಬದಿಯಿಂದ ಬಾಯಿವರೆಗೆ ಮಡಿಕೆ ಕಂಡರೆ ಕೆನ್ನೆಯ ತುಂಬು ಇಳಿದಿರುವ ಸಂಭವ ಹೆಚ್ಚು. ಕೊನೆಗೆ ಕೈಗನ್ನಡಿ ಹಿಡಿದು ಅಂಗಾತ ಮಲಗಿ ನೋಡಿ. ಕೂತಾಗ ದವಡೆಯ ಅಂಚಿನಲ್ಲಿ ಜೋತುಬಿದ್ದದ್ದು ಮಲಗಿದಾಗ ಇಲ್ಲವಾದರೆ ಅದು ಚರ್ಮದ ಸಡಿಲ. ಕಿವಿಯ ಮುಂದೆ ಬೆರಳಿಟ್ಟು ಬಹಳಷ್ಟು ಎಳೆದರಷ್ಟೇ ಮುಖ ನೆಟ್ಟಗಾಗುವುದಾದರೆ, ಸೂಜಿಗೂ ಯಂತ್ರಕ್ಕೂ ದುಡ್ಡು ಸುರಿಯಬೇಡಿ. ಅಷ್ಟು ಸಡಿಲ ಶಸ್ತ್ರಚಿಕಿತ್ಸೆಗೆ ಬಿಟ್ಟು ಬೇರೆಯದಕ್ಕೆ ಬಗ್ಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್: ಮನೆಯಲ್ಲಿ ಮಾಡುವ ಕೆಲಸ

ಎಸ್‌ಪಿಎಫ್ 30 ಅಥವಾ 50, ಪಿಎ+++ ಎಂದು ಬರೆದ ಸನ್‌ಸ್ಕ್ರೀನ್ ತನ್ನಿ. ಎಸ್‌ಪಿಎಫ್ ಸುಡುವ ಕಿರಣದ ಲೆಕ್ಕ, ಪಿಎ ಚರ್ಮದ ಆಳಕ್ಕಿಳಿದು ಸುಕ್ಕು ತರುವ ಕಿರಣದ ಲೆಕ್ಕ. ಈ ಎರಡನೆಯದು ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಾಕಿದರೆ ಮುಖ, ಕುತ್ತಿಗೆ, ಕಿವಿಗೆ ಸಾಕು. ಬಹುತೇಕರು ಇದರ ಕಾಲು ಭಾಗ ಹಚ್ಚಿ ‘ಇದರಿಂದ ಏನೂ ಆಗಲಿಲ್ಲ’ ಎನ್ನುತ್ತಾರೆ. ಹೊರಡುವ 15 ನಿಮಿಷ ಮೊದಲು ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಏಪ್ರಿಲ್, ಮೇನಲ್ಲಿ ಕಚೇರಿಯವರಾದರೆ 1.30ಕ್ಕೆ ಹೊರಬೀಳುವ ಮುಂಚೆ ಎರಡನೇ ಸಲ ಹಚ್ಚಲೇಬೇಕು. ಬಂಗು ಇರುವವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೊಳ್ಳಲಿ. ಬಂಗು ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಪ್ಪಾಗುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಮೇ ತಿಂಗಳ ಕಾವಿಗೆ ಎಣ್ಣೆ ನೀರು ಬೇರೆಯಾಗಿ ಅದು ಕೆಡುತ್ತದೆ. ಮುಖಕ್ಕೆ ಕಟ್ಟುವ ದಸ್ತಿ, ಓಢಣಿ ಒಳ್ಳೆಯದೇ, ಒತ್ತಾದ ನೇಯ್ಗೆಯದಾಗಿರಲಿ.

ರಾತ್ರಿಗೆ ಟ್ರೆಟಿನಾಯಿನ್ 0.025% ಕ್ರೀಮ್. ಸುಕ್ಕಿಗೆ ಹಚ್ಚುವ ಮದ್ದುಗಳಲ್ಲಿ ಇದರಷ್ಟು ದೀರ್ಘಕಾಲ ಪರೀಕ್ಷೆಗೆ ಒಳಗಾದದ್ದು ಬೇರೊಂದಿಲ್ಲ. ವೈದ್ಯರ ಚೀಟಿಯ ಮೇಲೆಯೇ ಕೊಳ್ಳಿ. ಮುಖ ತೊಳೆದು 20 ನಿಮಿಷ ಪೂರ್ತಿ ಒಣಗಲಿ. ಹಸಿ ಚರ್ಮದ ಮೇಲೆ ಮದ್ದು ಹೆಚ್ಚು ಇಳಿದು ಉರಿಯುತ್ತದೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ಸವರಿ. ರೆಪ್ಪೆ, ಮೂಗಿನ ಮೂಲೆ, ತುಟಿಯ ಕೊನೆ ಬಿಡಿ. ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ, ಆಮೇಲೆ ದಿನ ಬಿಟ್ಟು ದಿನ, ತಾಳಿಕೊಂಡರೆ ಪ್ರತಿ ರಾತ್ರಿ. ಮೊದಲ ತಿಂಗಳು ಹೊಟ್ಟಿನಂತೆ ಸುಲಿಯುವುದು ಸಹಜ. ಕೆಂಪಗೆ ಊದಿ ಉರಿದರೆ ನಾಲ್ಕೈದು ದಿನ ಬಿಟ್ಟು, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದನ್ನು ಹಚ್ಚಿ. ವ್ಯಾಕ್ಸಿಂಗ್, ಮೇಲ್ದುಟಿಯ ಥ್ರೆಡಿಂಗ್ ಇದ್ದರೆ ವಾರ ಮುಂಚೆ ನಿಲ್ಲಿಸಿ, ಇಲ್ಲವಾದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ. ಫಲ ಕಾಣಲು ಕನಿಷ್ಠ 12 ವಾರ ಬೇಕು. ಬಸುರಿಯರು, ಬಸುರಾಗುವ ಯೋಚನೆ ಇರುವವರು ಇದನ್ನು ಮುಟ್ಟಬಾರದು.

ಮಳೆಗಾಲದಲ್ಲಿ ಶುರು ಮಾಡಿ ಎನ್ನಲು ಕಾರಣವಿದೆ. ಬಿಸಿಲು ತುಸು ತಗ್ಗಿರುವಾಗ ಚರ್ಮ ಮದ್ದಿಗೆ ಒಗ್ಗಿ, ಚಳಿಗಾಲದ ಚಿಕಿತ್ಸೆಗೆ ಸಿದ್ಧವಾಗಿರುತ್ತದೆ.

ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗಿಡುವ ‘ಬೆಳ್ಳಗಾಗುವ ಕ್ರೀಮ್’ ಬೇಡವೇ ಬೇಡ. ಡಬ್ಬಿಯ ಹಿಂದೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೋಲೋನ್ ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟಿರಾಯ್ಡ್. ಎರಡು ವಾರ ಮುಖ ಹೊಳೆಯುತ್ತದೆ. ತಿಂಗಳು ಕಳೆದಂತೆ ಚರ್ಮ ತೆಳುವಾಗಿ, ರಕ್ತನಾಳ ಕಂಡು, ಮೊಡವೆ, ಕೂದಲು ಏಳುತ್ತವೆ. ಬಿಟ್ಟರೆ ಬೆಂಕಿ ಬಿದ್ದಂತೆ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ, ಟ್ಯೂಬ್ ಸಮೇತ ಚರ್ಮವೈದ್ಯರ ಬಳಿ ಹೋಗಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಸುಟ್ಟ ಕಲೆಗೆ ದಾರಿ. ಸಿಗರೇಟು ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ತಿನ್ನುತ್ತದೆ, ಗಾಯ ಮಾಯುವುದನ್ನೂ ತಡ ಮಾಡುತ್ತದೆ.

ನವೆಂಬರ್‌ನಿಂದ ಫೆಬ್ರುವರಿ: ಪೀಲ್, ಸೂಜಿ ರೋಲರ್, ಲೇಸರ್

ಚರ್ಮದ ಮೇಲ್ಪದರ ಕೆಣಕುವ ಚಿಕಿತ್ಸೆಗಳಿಗೆ ನಮ್ಮಲ್ಲಿ ಈ ನಾಲ್ಕು ತಿಂಗಳೇ ಸರಿ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಬಿಸಿಲು ಚುರುಗುಟ್ಟಲು ಶುರು, ಅಷ್ಟರೊಳಗೆ ಮುಗಿಸಿಬಿಡಿ. ಬೀದರ್ ಎತ್ತರದಲ್ಲಿದೆ, ಗಾಳಿ ತಂಪು ಎಂದು ಅಲ್ಲಿಯವರು ಸಡಿಲ ಬಿಡಬಾರದು. ಗಾಳಿ ತಂಪಾದ ಮಾತ್ರಕ್ಕೆ ಕಿರಣ ಕಡಿಮೆಯಾಗುವುದಿಲ್ಲ.

ಪೀಲ್ ಎಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ಗ್ಲೈಕಾಲಿಕ್ ಪೀಲ್ ಆದರೆ 20ರಿಂದ 35% ಬಲದಿಂದ ಶುರುವಾಗಬೇಕು. ಒಂದೆರಡು ನಿಮಿಷ ಗಡಿಯಾರ ನೋಡಿ ಇಟ್ಟು, ಸೋಡಾ ಬೈಕಾರ್ಬನೇಟ್ ನೀರಿನಿಂದ ಆಮ್ಲವನ್ನು ತಣಿಸುತ್ತಾರೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಈ ಪೀಲ್‌ನಲ್ಲಿ ಚರ್ಮ ಬೆಳ್ಳಗೆ ಹಿಮದಂತೆ ಕಂಡರೆ ಆಳಕ್ಕೆ ಹೋಯಿತೆಂದೇ ಅರ್ಥ, ಕೂಡಲೇ ತಣಿಸಬೇಕು. ಒಂದೇ ಸಲಕ್ಕೆ ಹೊಸ ಚರ್ಮ ಬರಿಸುವ ಆಳದ ಪೀಲ್ ನಮ್ಮ ಬಣ್ಣಕ್ಕೆ ಅಲ್ಲ. ಟ್ರೆಟಿನಾಯಿನ್ ಒಂದು ವಾರ ಮುಂಚೆ ನಿಲ್ಲಲಿ. ಸುಲಿಯುವ ಪದರ ಕೀಳಬೇಡಿ, ಅರಿಶಿನ ಹಚ್ಚಬೇಡಿ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಏಳುವ ಅಭ್ಯಾಸ, ಗಾಯವಾದರೆ ಉಬ್ಬುವ ಕೀಲಾಯ್ಡ್ ಇದ್ದರೆ ಮೊದಲೇ ಹೇಳಿ.

ಮೈಕ್ರೋನೀಡ್ಲಿಂಗ್, ಅಂದರೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು, ತಿಂಗಳಿಗೊಮ್ಮೆ, ಮೂರರಿಂದ ಆರು ಸಲ. ಸೂಜಿಯ ತುದಿ ನಿಮ್ಮೆದುರೇ ಹೊಸ ಪ್ಯಾಕೆಟ್‌ನಿಂದ ಬರಬೇಕು. ಆನ್‌ಲೈನ್‌ನಲ್ಲಿ ಸಿಗುವ ರೋಲರನ್ನು ಮನೆಯಲ್ಲಿ ಉಜ್ಜುವುದು ಸೋಂಕಿಗೂ ಕಲೆಗೂ ಆಹ್ವಾನ. ಫ್ರ್ಯಾಕ್ಷನಲ್ ಸಿಒ2 ಲೇಸರ್ ಸುಕ್ಕಿಗೆ ಬಲವಾದದ್ದು, ನಮ್ಮಲ್ಲಿ ಕಪ್ಪಾಗಿಸುವ ಅಪಾಯವೂ ಅಷ್ಟೇ ಹೆಚ್ಚು. ಮೊದಲು ಕಿವಿಯ ಹಿಂದೆ ಪರೀಕ್ಷೆ ಮಾಡಿಸಿ.

ಬೊಟಾಕ್ಸ್, ಫಿಲ್ಲರ್

ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅಲ್ಲಿಗೆ ಒಟ್ಟು 20 ಯೂನಿಟ್, ಕಣ್ಣಿನ ಕೊನೆಗೆ ಒಂದೊಂದು ಬದಿ 12 ಯೂನಿಟ್ ಎಂಬುದು ಬೊಟಾಕ್ಸ್ ಬ್ರ್ಯಾಂಡಿನ ಲೆಕ್ಕ. ಬೇರೆ ಬ್ರ್ಯಾಂಡಿನ ಯೂನಿಟ್ ಇದಕ್ಕೆ ಸಮವಲ್ಲ. ಪುಡಿಯ ಬಾಟಲಿಗೆ ಸಲೈನ್ ಬೆರೆಸುವುದನ್ನು ನೋಡಿ: 100 ಯೂನಿಟ್‌ಗೆ 2.5 ಮಿ.ಲೀ. ಬೆರೆಸಿದರೆ 0.1 ಮಿ.ಲೀ.ನಲ್ಲಿ 4 ಯೂನಿಟ್, ಅಂದರೆ 20 ಯೂನಿಟ್‌ಗೆ ಅರ್ಧ ಮಿ.ಲೀ. ಈ ಲೆಕ್ಕ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಬಾಟಲಿ 2ರಿಂದ 8 ಡಿಗ್ರಿಯ ಫ್ರಿಜ್‌ನಿಂದ ಬಂದಿರಬೇಕು. ಕರೆಂಟು ಹೋಗಿಬರುವ ಊರಲ್ಲಿ ಫ್ರಿಜ್‌ಗೆ ಬ್ಯಾಕಪ್ ಇದೆಯೇ ಎಂದು ಕೇಳಿ. ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಚುಚ್ಚಿದ ನಾಲ್ಕು ಗಂಟೆ ಮಲಗಬೇಡಿ, ಮುಖ ತಿಕ್ಕಬೇಡಿ. ಮೂರ್ನಾಲ್ಕು ದಿನಕ್ಕೆ ಶುರು, 14 ದಿನಕ್ಕೆ ಪೂರ್ತಿ, ಮೂರ್ನಾಲ್ಕು ತಿಂಗಳಿಗೆ ಇಳಿಕೆ. ಮದ್ದು ಹರಡಿ ರೆಪ್ಪೆ ಜೋತರೆ ಗಾಬರಿ ಬೇಡ, ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ತಕ್ಷಣ ಆಸ್ಪತ್ರೆ. ಸ್ನಾಯು ಸೋಲುವ ಕಾಯಿಲೆ ಮಯಸ್ತೀನಿಯಾ ಗ್ರೇವಿಸ್ ಇರುವವರಿಗೆ, ಬಸುರಿ ಬಾಣಂತಿಯರಿಗೆ ಇದು ಬೇಡ.

ಫಿಲ್ಲರ್ ಎಂದರೆ ಸಾಮಾನ್ಯವಾಗಿ ಹಯಲುರಾನಿಕ್ ಆಮ್ಲದ ಜೆಲ್, 1 ಮಿ.ಲೀ. ಸಿರಿಂಜಿನಲ್ಲಿ. ಇಳಿದ ಕೆನ್ನೆ, ಮೂಗಿನ ಬದಿಯ ಮಡಿಕೆ ತುಂಬುತ್ತದೆ, ಆರರಿಂದ 18 ತಿಂಗಳು ನಿಲ್ಲುತ್ತದೆ. ಇದರ ದೊಡ್ಡ ಅಪಾಯ ಜೆಲ್ ರಕ್ತನಾಳದೊಳಗೆ ಹೋಗುವುದು. ಚರ್ಮ ಬಿಳುಚಿ, ಬಲೆಯಂತೆ ನೇರಳೆ ಗೆರೆ ಮೂಡಿ, ನೋವು ಏರುತ್ತಾ ಹೋದರೆ ಅದು ಊತವಲ್ಲ. ಜೆಲ್ ಕರಗಿಸುವ ಹಯಲುರಾನಿಡೇಸ್ ಕೂಡಲೇ ಬೇಕು. ಅದು ಕ್ಲಿನಿಕ್‌ನಲ್ಲಿ ಇಲ್ಲವಾದರೆ ಅಲ್ಲಿ ಫಿಲ್ಲರ್ ಹಾಕಿಸಬೇಡಿ. ಹುಬ್ಬಿನ ನಡುವೆ, ಮೂಗಿನ ಮೇಲೆ ಹಾಕಿದಾಗ ಕಣ್ಣು ಹೋದ ಪ್ರಕರಣಗಳಿವೆ. ದೃಷ್ಟಿ ಮಬ್ಬಾದರೆ ನಿಮಿಷಗಳ ಲೆಕ್ಕ.

ನಮ್ಮ ಜಿಲ್ಲೆಗಳವರು ಬೆಳಿಗ್ಗೆ ರೈಲು ಹತ್ತಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ, ಚುಚ್ಚಿಸಿಕೊಂಡು ರಾತ್ರಿಗೆ ಮನೆ ಸೇರುವುದುಂಟು. ಫಿಲ್ಲರ್‌ಗೆ ಹಾಗೆ ಮಾಡಬೇಡಿ. ತೊಂದರೆ ಕೆಲವು ಗಂಟೆ ಕಳೆದ ಮೇಲೂ ಕಾಣಿಸಬಹುದು, ಆಗ ನೀವು ರೈಲಿನಲ್ಲಿರುತ್ತೀರಿ. ಒಂದು ರಾತ್ರಿ ಅಲ್ಲೇ ಉಳಿಯಿರಿ, ವೈದ್ಯರ ಮೊಬೈಲ್ ನಂಬರ್ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಚುಚ್ಚಿದಲ್ಲಿ ನೆತ್ತರು ಹೆಪ್ಪುಗಟ್ಟಿ ಕಪ್ಪಾದರೆ ಮಾಯುತ್ತದೆ, ಹೃದಯ ಕೈಕೊಟ್ಟರೆ ಮಾಯದು.

ಹೈಫು ಯಂತ್ರ ಚರ್ಮದ 4.5 ಮಿ.ಮೀ. ಆಳದವರೆಗೆ ಶಬ್ದತರಂಗದ ಕಾವು ಕೊಟ್ಟು ಬಿಗಿ ಮಾಡುತ್ತದೆ. ಫಲ ಎರಡು ಮೂರು ತಿಂಗಳಿಗೆ ಕಾಣುತ್ತದೆ, ಅದೂ ಸಣ್ಣ ಸಡಿಲಕ್ಕೆ. ತೆಳ್ಳನೆ ಮುಖದವರಿಗೆ ಬೇಡ, ಇರುವ ಕೊಬ್ಬೂ ಕರಗಿ ಕೆನ್ನೆ ಗುಳಿಬೀಳಬಹುದು. ಕರಗುವ ದಾರದಿಂದ ಎತ್ತುವ ಚಿಕಿತ್ಸೆಯ ಫಲ ಹೆಚ್ಚೆಂದರೆ ವರ್ಷದ ಮಾತು, ಕೊಟ್ಟ ದುಡ್ಡಿಗೆ ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಯಾರ ಬಳಿ, ಯಾವಾಗ

ಫಲಕದಲ್ಲಿ ಎಂಡಿ, ಡಿಡಿವಿಎಲ್ ಅಥವಾ ಡಿಎನ್‌ಬಿ ಚರ್ಮರೋಗ ಪದವಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲಿ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಖಾಸಗಿ ಕ್ಲಿನಿಕ್ ತನ್ನ ದರಪಟ್ಟಿ ಹಾಕಲೇಬೇಕು, ಕೇಳಿ ನೋಡಿ. ಬ್ಯೂಟಿ ಪಾರ್ಲರಿನಲ್ಲಿ ಸೂಜಿ, ಆಮ್ಲ ಯಾವುದೂ ಬೇಡ. ಮೊದಲ ಸಲಹೆಗೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗಕ್ಕೆ ಹೋಗಬಹುದು. ಸ್ಟಿರಾಯ್ಡ್ ಕ್ರೀಮಿನಿಂದ ಕೆಟ್ಟ ಮುಖವನ್ನಂತೂ ಮೊದಲು ಅಲ್ಲಿ ತೋರಿಸಿ.

ಮನೆಯಲ್ಲಿ ಮದುವೆ ಇದ್ದರೆ ಹಿಂದಿನಿಂದ ಎಣಿಸಿ. ಬೊಟಾಕ್ಸ್, ಫಿಲ್ಲರ್ ನಾಲ್ಕು ವಾರ ಮುಂಚೆ ಮುಗಿಯಲಿ. ಕೊನೆಯ ಪೀಲ್‌ಗೂ ಅಷ್ಟೇ ಅಂತರ ಇರಲಿ. ಏಪ್ರಿಲ್, ಮೇ ಲಗ್ನವಾದರೆ ಪೀಲ್ ಫೆಬ್ರುವರಿಗೇ ನಿಲ್ಲಬೇಕು. ಕೊನೆಯ ಎರಡು ವಾರ ಸನ್‌ಸ್ಕ್ರೀನ್, ಮಾಯಿಶ್ಚರೈಸರ್ ಬಿಟ್ಟು ಮುಖಕ್ಕೆ ಹೊಸದೇನನ್ನೂ ತಾಗಿಸಬೇಡಿ.